ಟವೆಲ್ ಕೆಳಗಿನ ಕಾಲೇಜು

ಎತ್ತಿನ ವ್ಯಾಪಾರದಲ್ಲಿ ನನ್ನನ್ನು ಮೀರಿಸುವ ದಳ್ಳಾಳಿ ನಮ್ಮ ಹೊಂಗನೂರಿನ ಸುತ್ತಮುತ್ತ ಇನ್ನೂ ಹುಟ್ಟಿಲ್ಲ ಎಂದು ನಾನು ನಂಬಿದ್ದೆ. ಹುಟ್ಟಿ, ಬೆಳೆದು, ನನ್ನ ಮನೆಯಲ್ಲೇ ಮುದ್ದೆ ಉಣ್ಣುತ್ತಿದ್ದಾಳೆ ಎಂಬುದು ಗೊತ್ತಿರಲಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ನನ್ನ ಬೆರಳುಗಳು ಬಹಳ ಓದಿವೆ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ನಾವು ಬಾಯಲ್ಲಿ ಹೇಳುವುದಿಲ್ಲ. ಕೈ ಮೇಲೆ ಟವೆಲ್ ಹಾಕಿ, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತೇವೆ. ಹಿಡಿದಷ್ಟು ಬೆರಳು, ಅಷ್ಟು ಬೆಲೆ. ಸುತ್ತ ನಿಂತವರಿಗೆ ಟವೆಲ್ ಅಲ್ಲಾಡುವುದು ಮಾತ್ರ ಕಾಣುತ್ತದೆ.

ನನ್ನ ಮೊಮ್ಮಗಳು ಸವಿತಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅವಳು ಸ್ಕೂಲಿಗೆ ಸೇರಿ ಕೈಭಾಷೆ ಕಲಿಯುವ ತನಕ, ಅವಳೊಂದಿಗೆ ಮಾತಾಡಲು ನನಗೆ ಬರುತ್ತಿದ್ದುದು ಈ ಟವೆಲ್ ಭಾಷೆಯೊಂದೇ. ಜಗಲಿಯಲ್ಲಿ ಎದುರುಬದುರು ಕೂರುತ್ತಿದ್ದೆವು. ಎಷ್ಟು ಮಾವಿನಹಣ್ಣು ಬೇಕೋ ಅಷ್ಟು ಬೆರಳು ಹಿಡಿಯುತ್ತಿದ್ದಳು. ನಾನು ಒಂದು ಬೆರಳು ಬಿಡಿಸಿಕೊಂಡರೆ ಅವಳು ಎರಡು ಸೇರಿಸಿ ಹಿಡಿಯುತ್ತಿದ್ದಳು. ಮಗು ಆಟವಾಡುತ್ತಿದೆ ಎಂದುಕೊಂಡಿದ್ದೆ. ಅದು ತರಬೇತಿ!

ಆ ಸವಿತ ಎಸ್ಸೆಸ್ಸೆಲ್ಸಿ ಪಾಸಾದಳು. ಮೈಸೂರಿನಲ್ಲಿ ಕಿವಿ ಕೇಳದ ಮಕ್ಕಳಿಗೆಂದೇ ಇರುವ ಕಾಲೇಜಿನಲ್ಲಿ ಕಂಪ್ಯೂಟರ್ ಓದಲು ಸೀಟೂ ಸಿಕ್ಕಿತು. ನಮ್ಮ ವಂಶದಲ್ಲಿ ಕಾಲೇಜಿನೊಳಗೆ ಹೋದವನು ನಾನೊಬ್ಬನೇ, ಅದೂ ಒಳಗೆ ನುಗ್ಗಿದ ಎತ್ತನ್ನು ಹಿಡಿದು ತರಲು. ಹೀಗಾಗಿ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೋಟೆಲಿನಲ್ಲಿ ಗುರುತಿಲ್ಲದವರಿಗೂ ಹೇಳಿದೆ.

ತೊಂದರೆ ಒಂದೇ. ಸೋಮವಾರದೊಳಗೆ ಫೀಸು ಕಟ್ಟದಿದ್ದರೆ ಸೀಟು ಇನ್ನೊಬ್ಬರ ಪಾಲು. ಊರಿಗೆಲ್ಲ ಟ್ರ್ಯಾಕ್ಟರ್ ಬಂದ ಮೇಲೆ ನನ್ನ ವ್ಯಾಪಾರ ಮಲಗಿತ್ತು. ಆಗ ಸವಿತಳ ಸ್ಕೂಲಿನ ಮೇಡಂ ದಾರಿ ತೋರಿಸಿದರು. ರಾಮನಗರದ ಆಚೆ ಹೆದ್ದಾರಿ ಪಕ್ಕ ಹೊಸದಾಗಿ ಎದ್ದಿದ್ದ ಕಾರ್ಖಾನೆಯವರು ಇಂಥ ಮಕ್ಕಳ ಓದಿಗೆ ನೆರವು ಕೊಡುತ್ತಾರಂತೆ. ಹುಡುಗಿಯ ಜೊತೆ ಮನೆಯ ಹಿರಿಯರೊಬ್ಬರು ಬಂದು ಮಾತಾಡಬೇಕಂತೆ.

ಹಿರಿಯ ಅಂದರೆ ನಾನೇ. ಮಾತು ಅಂದರೂ ನಾನೇ. ಇನ್ನೇನು ಬೇಕು?

ನನ್ನ ಹೆಂಡತಿ ಪುಟ್ಟಮ್ಮನಿಗೆ ಮಾತ್ರ ಈ ಏರ್ಪಾಟು ಹಿಡಿಸಲಿಲ್ಲ.

“ಅಲ್ಲಿ ನೀನು ಬಾಯಿ ಬುಡಬ್ಯಾಡ. ಆ ಟವಲ್ಲೂ ಮನೇಲೇ ಬುಟ್ಟೋಗು,” ಅಂದಳು.

“ಸುಮ್ಕಿರಮ್ಮಿ. ಟವಲ್ ಇಲ್ದೆ ಹೋದ್ರೆ ನಂಗೆ ಬರೀ ಮೈಲಿ ಹೋದಂಗಾಯ್ತದೆ.”

“ಬರೀ ಮೈಲಿ ಹೋದ್ರೂ ಚಿಂತಿಲ್ಲ. ನಿನ್ನ ಎತ್ತಿನ್ ಬುದ್ಧಿ ಅಲ್ಲಿಗೆ ತಕೊಂಡೋಗಬ್ಯಾಡ.”

ಟವೆಲ್ಲನ್ನು ಒಗೆಸಿ, ನೀಲಿ ಹಾಕಿಸಿ, ಹೆಗಲ ಮೇಲೆ ಹಾಕಿಕೊಂಡೇ ಹೊರಟೆ.

ಕಾರ್ಖಾನೆಯ ಗೇಟಿನಲ್ಲಿ ನಮ್ಮಿಬ್ಬರ ಕೊರಳಿಗೂ ಒಂದೊಂದು ದಾರ ಕಟ್ಟಿ, ಅದಕ್ಕೊಂದು ಚೀಟಿ ತೂಗುಹಾಕಿದರು. ಸಂತೆಯಲ್ಲಿ ಸುಂಕ ಕಟ್ಟಿದ ದನಕ್ಕೆ ಗುರುತು ಮಾಡುವುದು ನೆನಪಾಗಿ ಧೈರ್ಯ ಬಂತು. ಪರಿಚಯದ ಜಾಗವೇ ಎನ್ನಿಸಿತು. ಅನಾಹುತ ಶುರುವಾದದ್ದು ಅಲ್ಲಿಂದಲೇ.

ಒಳಗೆ ಕೂತಿದ್ದ ಸಾಹೇಬರು ಮಂಗಳೂರು ಕಡೆಯವರು. ಬಹಳ ಸಾಧು ಮನುಷ್ಯ. ಹುಡುಗಿಯ ಬಗ್ಗೆ ಸ್ವಲ್ಪ ಹೇಳಿ ಅಜ್ಜ, ಎಂದರು. ಎದೆಯುಬ್ಬಿಸಿ ಶುರು ಮಾಡಿದೆ. ಒಳ್ಳೆಯ ತಳಿ ಸ್ವಾಮಿ, ಮೈಕಟ್ಟು ಗಟ್ಟಿ, ಕೆಟ್ಟ ಸುಳಿ ಒಂದೂ ಇಲ್ಲ, ಮೇವಿಗೆ ಮುಖ ತಿರುಗಿಸುವುದಿಲ್ಲ, ಒದೆಯುವುದಿಲ್ಲ, ಹಾಯುವುದಿಲ್ಲ ಎಂದೆ.

ಸಾಹೇಬರು ಬರೆಯುತ್ತಿದ್ದ ಪೆನ್ನು “ಹಾಯುವುದಿಲ್ಲ” ಎಂಬಲ್ಲಿ ನಿಂತಿತು.

ಆಮೇಲೆ ಅವರು ಕೇಳಬಾರದ್ದನ್ನು ಕೇಳಿದರು. ಹುಡುಗಿಗೆ ಕಿವಿ ಪೂರ್ತಿ ಕೇಳುವುದಿಲ್ಲವೇ?

ನಮ್ಮ ಕಸುಬಿನಲ್ಲಿ ಒಂದು ಧರ್ಮವಿದೆ. ಎತ್ತು ಮೂರು ಕಾಲಲ್ಲಿ ನಿಂತಿದ್ದರೂ, ನಾಲ್ಕನೆಯದು ಹಟ್ಟಿಯಲ್ಲಿದೆ ಎನ್ನಬೇಕೇ ಹೊರತು ಐಬು ಒಪ್ಪಿಕೊಳ್ಳಬಾರದು. ನಾನು ಯೋಚಿಸುವ ಮೊದಲೇ ನಾಲಿಗೆ ಹೇಳಿಬಿಟ್ಟಿತ್ತು.

“ಒಸಿನೂ ಐಬಿಲ್ಲ ಸ್ವಾಮಿ. ಚೆಂದಾಗಿ ಕೇಳ್ತದೆ.”

“ಕೇಳ್ತದಾ? ಎಂಥ ಅಜ್ಜ ಇದು? ಇದು ಕೇಳದ ಮಕ್ಕಳಿಗೆ ಮಾತ್ರ ಕೊಡುವುದಲ್ವಾ.”

ಸೀಟು ನನ್ನ ನಾಲಿಗೆಯ ತುದಿಯಿಂದ ಜಾರಿ ಹೋಗುತ್ತಿತ್ತು. ಇಲ್ಲ ಇಲ್ಲ, ಏನೇನೂ ಕೇಳುವುದಿಲ್ಲ ಎಂದು ತಿಪ್ಪರಲಾಗ ಹಾಕಿದೆ. ಅವರಿಗೆ ಅನುಮಾನ ಹೋಗಿರಲಿಕ್ಕಿಲ್ಲ ಎನಿಸಿ, ಪರೀಕ್ಷೆ ಮಾಡಿ ತೋರಿಸಲು ಎದ್ದು ಸವಿತಳ ಹಿಂದೆ ಹೋಗಿ ನಿಂತೆ. ಎರಡು ಹೊಲ ಆಚೆಯ ದನ ತಿರುಗುವ ಹಾಗೆ “ಹೋಯ್!” ಎಂದು ಕೂಗಿದೆ.

ಸಾಹೇಬರ ಕಾಫಿ ಅವರ ಅಂಗಿಯ ಮೇಲಾಯಿತು. ಕಾವಲಿನವನು ಕೋಲು ಹಿಡಿದು ಓಡಿಬಂದ. ಇಷ್ಟು ಜನ ತನ್ನ ಹಿಂದೆ ಏನು ನೋಡುತ್ತಿದ್ದಾರೆ ಎಂದು ಸವಿತಳೂ ತಿರುಗಿದಳು!

“ತಿರುಗಿದಳಲ್ಲ ಅಜ್ಜ,” ಎಂದರು ಸಾಹೇಬರು, ಅಂಗಿ ಒರೆಸಿಕೊಳ್ಳುತ್ತಾ.

ಸವಿತ ನನ್ನ ಮುಖ ನೋಡಿದಳು. ಅವರ ಅಂಗಿ ನೋಡಿದಳು. ಏನೂ ವಿಚಾರಿಸದೆ ಚೀಲದಿಂದ ಡಾಕ್ಟರ ಸರ್ಟಿಫಿಕೇಟು ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ನನಗೆ ಕುರ್ಚಿ ತೋರಿಸಿದಳು. ಕೂತೆ.

ಸಾಹೇಬರು ಅದನ್ನೂ ಅಂಕಪಟ್ಟಿಯನ್ನೂ ನೋಡಿ ತಲೆದೂಗಿದರು. ಕಾಲೇಜಿನ ಫೀಸು ಪೂರ್ತಿ ನಾವೇ ಕಟ್ಟುತ್ತೇವೆ ಎಂದು ಎದ್ದು, ನನ್ನತ್ತ ಕೈ ಚಾಚಿದರು.

ಅವರು ಚಾಚಿದ್ದು ಕೈಕುಲುಕಲು. ನನಗೇನು ಗೊತ್ತು? ಬೆಲೆ ಹೇಳಿ ಯಾರಾದರೂ ನನ್ನ ಮುಂದೆ ಕೈ ಚಾಚಿದರೆ ಮುಂದಿನದು ನನ್ನ ಕೈಯಲ್ಲಿಲ್ಲ. ಟವೆಲ್ ತಾನಾಗಿ ಹೆಗಲಿನಿಂದ ಹಾರಿ ಅವರ ಕೈ ಮೇಲೆ ಕೂತಿತು. ಕೆಳಗೆ ಬೆರಳು ಹಿಡಿದೆ. ಹಿಡಿದ ಮೇಲೆ ನಾನು ಸವಿತಳ ತಾತನಾಗಿ ಉಳಿಯಲಿಲ್ಲ, ಬರೀ ದಳ್ಳಾಳಿ. ಅದೂ ಕೊಳ್ಳುವವರ ಕಡೆಯ ದಳ್ಳಾಳಿ. ಎದುರಿನವರು ಹೇಳಿದ ಬೆಲೆಗೆ ಒಪ್ಪಿದ ಕಳಂಕ ನನಗೆ ಜನ್ಮದಲ್ಲಿಲ್ಲ.

“ಪೂರ್ತಿನಾ? ಜಾಸ್ತಿ ಆಯ್ತು. ಒಸಿ ಇಳ್ಸಿ,” ಅಂದೆ.

“ಕಡಿಮೆ ಮಾಡಿ ಅಂತ ನೀವು ಹೇಳುವುದಾ ಮಾರಾಯ್ರೇ?”

ಅವರು ಗಾಬರಿಯಿಂದ ಕೈ ಎಳೆದುಕೊಂಡಷ್ಟೂ ಗಿರಾಕಿ ಬಿಗಿಯಾಗುತ್ತಿದ್ದಾನೆ ಎಂದು ನಾನು ಒತ್ತಿ ಹಿಡಿದೆ. ಬೆರಳು ಮಡಚಿದೆ, ಬಿಡಿಸಿದೆ, ಕೊನೆಗೆ ಅರ್ಧಕ್ಕೆ ಕುದುರಿಸಿದೆ. ಸಾಹೇಬರು ಬೆರಳು ಉಳಿದರೆ ಸಾಕೆಂದು ಆಯಿತು ಅಂದರು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಸವಿತಳತ್ತ ಗೆದ್ದ ಮುಖ ತಿರುಗಿಸಿ, ಅರ್ಧ ಎಂದು ಕೈಯಲ್ಲಿ ತೋರಿಸಿದೆ.

ಅವಳ ಮುಖದ ಬಣ್ಣ ಹೋಯಿತು. ಆಗ ನನಗೆ ಹೊಳೆಯಿತು. ಕೊಳ್ಳುವವನು ನಾನಲ್ಲ!

ಇನ್ನರ್ಧವನ್ನು ಸೋಮವಾರದೊಳಗೆ ನಾನು ಎಲ್ಲಿಂದ ತರಲಿ? ಜಗತ್ತಿನಲ್ಲೇ ಮೊಮ್ಮಗಳ ಕಾಲೇಜನ್ನು ಅರ್ಧ ಕಡಿದು, ಅದಕ್ಕೆ ಮೀಸೆ ತಿರುವಿದ ತಾತ ಇನ್ನೊಬ್ಬನಿಲ್ಲ.

ಸವಿತ ಎದ್ದಳು. ನನ್ನ ಹೆಗಲಿನಿಂದ ಟವೆಲ್ ಎಳೆದುಕೊಂಡಳು. ಮೇಜಿನ ಆಚೆ ಹೋಗಿ ಸಾಹೇಬರ ಕೈ ಮೇಲೆ ಅಚ್ಚುಕಟ್ಟಾಗಿ ಹಾಸಿ, ಕೆಳಗೆ ಕೈ ತೂರಿಸಿದಳು. ಟವೆಲ್ ಒಮ್ಮೆ ಅಲ್ಲಾಡಿತು. ಐದೂ ಬೆರಳು ಹಿಡಿದಿದ್ದಾಳೆ, ಅಂದರೆ ಪೂರ್ತಿ ಫೀಸು ಎಂದು ನನಗೆ ತಿಳಿಯಿತು. ಸಾಹೇಬರಿಗೂ ತಿಳಿಯಿತು. ನಗುತ್ತಾ ತಲೆಯಾಡಿಸಿದರು. ನಾನು ಉಸಿರು ಬಿಟ್ಟೆ.

ಅವಳು ಮಾತ್ರ ಕೈ ಬಿಡಲಿಲ್ಲ.

ಇನ್ನೊಂದು ಕೈಯಿಂದ ಉಣ್ಣುವಂತೆ ತೋರಿಸಿದಳು. ಕೆನ್ನೆಗೆ ಅಂಗೈಯಾನಿಸಿ ಮಲಗುವಂತೆ ತೋರಿಸಿದಳು. ಟವೆಲ್ ಮತ್ತೆ ಅಲ್ಲಾಡಿತು. ಸಾಹೇಬರು ಒಂದು ಬೆರಳು ಬಿಡಿಸಿಕೊಂಡರು. ಇವಳು ಸೇರಿಸಿ ಹಿಡಿದಳು. ನಮ್ಮ ಜಗಲಿಯ ಮಾವಿನಹಣ್ಣಿನ ಪಟ್ಟು!

“ಫೀಸು ಪೂರ್ತಿ ಅಜ್ಜ. ಹಾಸ್ಟೆಲೂ ಉಂಟು,” ಎಂದರು ಸಾಹೇಬರು. “ಇವಳಿಗೆ ಒಮ್ಮೆ ನನ್ನ ಕೈ ಬಿಡ್ಲಿಕ್ಕೆ ಹೇಳಿ.”

ನಾನು ಅತ್ತೆನೋ ನಕ್ಕೆನೋ ಗೊತ್ತಿಲ್ಲ. ಮುಖ ಒರೆಸಿಕೊಳ್ಳೋಣವೆಂದರೆ ಟವೆಲ್ ಅವಳ ಹತ್ತಿರವಿತ್ತು. ಊರಿಗೆ ಮರಳುವಾಗ ಚನ್ನಪಟ್ಟಣದ ಬಸ್ಸಿನಲ್ಲಿ ಕಂಡಕ್ಟರಿಂದ ಹಿಡಿದು ಕೋಳಿ ಬುಟ್ಟಿಯವಳವರೆಗೂ ಎಲ್ಲರಿಗೂ ಕಥೆ ಹೇಳಿದೆ. ಅರ್ಧ ಮಾಡಿದ ಭಾಗ ಬಿಟ್ಟು.

ಪುಟ್ಟಮ್ಮ ಹೊಸ್ತಿಲಲ್ಲೇ ನಿಂತು ಕಾಯುತ್ತಿದ್ದಳು. ಅವಳಿಗೂ ಅಷ್ಟೇ ಹೇಳುವವನಿದ್ದೆ. ಆದರೆ ಸವಿತ ಮುಂದೆ ನುಗ್ಗಿ, ನಾನು ಕೂಗಿದ್ದು, ಕಾಫಿ ಚೆಲ್ಲಿದ್ದು, ಅರ್ಧ ಮಾಡಿದ್ದು ಎಲ್ಲವನ್ನೂ ಕೈಯಲ್ಲಿ ಆಡಿ ತೋರಿಸಿಬಿಟ್ಟಳು. ಒಂದು ಮಾತಿಲ್ಲದೆ ಒಬ್ಬ ಮನುಷ್ಯನ ಮಾನ ಇಷ್ಟು ವಿವರವಾಗಿ ತೆಗೆಯಬಹುದೆಂದು ನನಗೆ ತಿಳಿದಿರಲಿಲ್ಲ.

ಕೊನೆಗೆ ಅವಳು ನನ್ನ ಗಲ್ಲ ಹಿಡಿದು, ಎತ್ತಿಗೆ ಮಾಡುವ ಹಾಗೆ ಬಾಯಿ ತೆರೆಸಿ ಹಲ್ಲು ನೋಡಿದಳು. ಇದ್ದದ್ದೇ ನಾಲ್ಕು. ತಲೆಯಲ್ಲಾಡಿಸಿ, ಅಜ್ಜಿಯ ಕೈ ಮೇಲೆ ಟವೆಲ್ ಹಾಕಿ, ಕೆಳಗೆ ನನ್ನ ಬೆಲೆ ಕಟ್ಟಿದಳು.

ಪುಟ್ಟಮ್ಮ ಜನ್ಮದಲ್ಲಿ ಎತ್ತಿನ ಸಂತೆ ಕಂಡವಳಲ್ಲ. ಆದರೂ ಬೆರಳು ಬಿಡಿಸಿಕೊಂಡು, ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

“ಕಿರುಬೆರಳಾ? ಜಾಸ್ತಿ ಆಯ್ತು ಕಣವ್ವ. ಒಸಿ ಇಳ್ಸು.”