ಹನ್ನೊಂದು ರೂಪಾಯಿ ಮಾತ್ರೆ, ಹದಿನೆಂಟು ರೂಪಾಯಿ ಮಾತ್ರೆ

ಶಿಡ್ಲಘಟ್ಟದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡು ಗಂಭೀರವಾಗಿ ಕೂತಿರೋಣವೆಂದರೆ ಜನ ಬಿಡಬೇಕಲ್ಲ! ತೊಂಬತ್ತರ ದಶಕದಲ್ಲಿ, ರೇಷ್ಮೆ ನೂಲು ತೆಗೆಸುವ ಒಬ್ಬ ಸಾಹೇಬರಿಂದಲೇ ನಾನು ವರ್ಷವಿಡೀ ನಕ್ಕಿದ್ದೇನೆ.

೧. ಅಲ್ಲಾಡಿಸಿ ನೋಡಿದ್ದು

ಸಾಹೇಬರು ಮೊದಲ ಸಲ ಬಂದಾಗ ಜೊತೆಯಲ್ಲಿ ಎಂಟು ವರ್ಷದ ಮೊಮ್ಮಗಳಿದ್ದಳು. ನಾನು ಚೀಟಿ ಓದಿ ಮುಗಿಸುವಷ್ಟರಲ್ಲಿ ಅವಳು ತೂಕದ ಯಂತ್ರ ಹತ್ತಿ ಇಳಿದು, ಗ್ಲೂಕೋಸ್ ಡಬ್ಬಗಳನ್ನೆಲ್ಲ ತಲೆಕೆಳಗು ಮಾಡಿ, ನನ್ನ ಕುರ್ಚಿಯಲ್ಲಿ ಗಿರ್ರನೆ ತಿರುಗುತ್ತಿದ್ದಳು.

"ಬೆಂಗಳೂರು ಡಾಕ್ಟ್ರು ಬರ್ಕೊಟ್ಟವ್ರೆ ಅಣ್ಣ. ಒಂದ್ ಕಡೆ ಕೂರಲ್ಲ, ಮನಸ್ಸೂ ನಿಲ್ಲಲ್ಲ. ಪರೀಕ್ಷೇಲಿ ಕೂತು ಬರೀದಿದ್ರೆ ಅದೇ ಕ್ಲಾಸಲ್ಲೇ ಕೂರಿಸ್ತೀನಿ ಅಂತವ್ರೆ ಟೀಚರಮ್ಮ" ಎಂದರು. ಅವರ ಮುಖ ನೋಡಿ ನನಗೆ ಪಾಪ ಅನ್ನಿಸಿತು.

ಎರಡು ಸ್ಟ್ರಿಪ್ ಮುಂದಿಟ್ಟೆ. "ಔಷಧಿ ಒಂದೇ ಸಾಹೇಬ್ರೆ, ಕಂಪನಿ ಬೇರೆ. ಇದು ಹದಿನೆಂಟು, ಇದು ಹನ್ನೊಂದು."

ಸಾಹೇಬರು ಎರಡನ್ನೂ ಕಿವಿಯ ಹತ್ತಿರ ಹಿಡಿದು, ರೇಷ್ಮೆಗೂಡಿನೊಳಗೆ ಹುಳ ಹೇಗಿದೆ ಎಂದು ನೋಡುವಂತೆ ಗಲಗಲ ಅಲ್ಲಾಡಿಸಿದರು.

"ಎರಡೂ ಒಂದೇ ಸದ್ದು. ಮತ್ತೆ ಏಳು ರೂಪಾಯಿ ಜಾಸ್ತಿ ಯಾತಕ್ಕೆ?"

ಇಪ್ಪತ್ತು ವರ್ಷ ಅಂಗಡಿ ನಡೆಸಿದ ನಾನೂ ಎರಡನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿ ನೋಡಿದೆ.

೨. ಊರೂರಿನ ಹರಾಜು

ಅವತ್ತು ಹನ್ನೊಂದರದ್ದನ್ನು ಒಯ್ದರು. ಮುಂದಿನ ತಿಂಗಳು ಮೊಮ್ಮಗಳನ್ನೂ ಕರೆದುಕೊಂಡು ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು ಎಲ್ಲ ಸುತ್ತಿದರು. ಪ್ರತಿ ಅಂಗಡಿಯ ಮುಂದೆಯೂ ರೇಷ್ಮೆಗೂಡು ಹರಾಜು ಕೂಗುವ ಮಾರುಕಟ್ಟೆಯ ದನಿಯಲ್ಲೇ, "ಶಿಡ್ಲಘಟ್ಟ ಹನ್ನೊಂದು! ನೀವೆಷ್ಟು?" ಎಂದು ಕೂಗಿದರಂತೆ. ಸಂಜೆ ಬಂದು ನನ್ನೆದುರು ಸ್ಟ್ರಿಪ್ ಝಳಪಿಸಿದರು.

"ಗೌರಿಬಿದನೂರಲ್ಲಿ ಹತ್ತೂವರೆ! ಎಂಟಾಣೆ ಉಳೀತು ನೋಡಿ."

"ಬಸ್ ಚಾರ್ಜು, ಟೀ, ಬನ್ನು?"

"ಅದು ಔಷಧಿ ಖರ್ಚಲ್ಲ ಅಣ್ಣ, ಊರು ನೋಡಿದ ಖರ್ಚು."

೩. ಹಬ್ಬದ ಮಾತ್ರೆ

ಪರೀಕ್ಷೆಗೆ ವಾರವಿದ್ದಾಗ ಸಾಹೇಬರ ಹೆಂಡತಿಯೇ ಬಂದರು. "ಹದಿನೆಂಟು ರೂಪಾಯಿದು ಒಂದೇ ಒಂದು ಮಾತ್ರೆ ಕೊಡಿ."

"ಒಂದು ಯಾಕಮ್ಮ?"

"ದಿನಾಲೂ ಹನ್ನೊಂದರದ್ದೇ ಸಾಕು. ಪರೀಕ್ಷೆ ದಿನಕ್ಕೆ ಒಳ್ಳೇದು ಬೇಡ್ವಾ? ಹಬ್ಬಕ್ಕೆ ಹೊಸಾ ಬಟ್ಟೆ ಹಾಕಲ್ವಾ?"

ಡಾಕ್ಟರನ್ನು ಕೇಳದೆ ಏನನ್ನೂ ಬದಲಾಯಿಸಬೇಡಿ, ಎರಡೂ ಒಂದೇ ಔಷಧಿ ಎಂದು ಗಂಟಲು ಹರಿಯುವಂತೆ ಹೇಳಿದೆ. ಆಕೆ ಎಲ್ಲ ಕೇಳಿಸಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದರು. "ಹಂಗಾದ್ರೆ ಹನ್ನೊಂದರದ್ದನ್ನೇ ಹದಿನೆಂಟರ ಕವರಲ್ಲಿ ಹಾಕ್ಕೊಡಿ. ನಮ್ಮ ಮನೆಯವ್ರಿಗೆ ಧೈರ್ಯ ಬರ್ಲಿ."

೪. ಕೂರಲಾರದವರು

ಪರೀಕ್ಷೆಯ ದಿನ ನನಗೂ ಅಂಗಡಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಸಂಜೆ ಟೀಚರಮ್ಮ, ಸಾಹೇಬರು, ಮೊಮ್ಮಗಳು ಮೂವರೂ ಬಂದರು. ಟೀಚರಮ್ಮನ ಮುಖ ಕೆಂಪಾಗಿತ್ತು. ಕೂತಿದ್ದ ನಾನು ಎದ್ದು ನಿಂತು ಕೇಳಿದೆ.

"ಹುಡುಗಿ ಕೂತಿರಲಿಲ್ವಾ ಮೇಡಂ?"

"ಹುಡುಗಿ ಎರಡು ಗಂಟೆ ತಲೆ ಎತ್ತದೆ ಬರೆದ್ಲು. ಲೆಕ್ಕ ಎಲ್ಲಾ ಸರಿ, ಖಂಡಿತ ಪಾಸು. ಇವ್ರೇ ಕೂರಲಿಲ್ಲ! ಈ ಕಿಟಕಿ, ಆ ಕಿಟಕಿ, ಕೊನೆಗೆ ಕಾಂಪೌಂಡ್ ಹತ್ತಿ ಇಣುಕಿದ್ರು. ಬೇರೆ ಮಕ್ಕಳೆಲ್ಲ ಬರೆಯೋದು ಬಿಟ್ಟು ಇವ್ರನ್ನೇ ನೋಡ್ತಾ ಕೂತ್ರು. ಮೊದಲು ಇವ್ರಿಗೊಂದು ಮಾತ್ರೆ ಕೊಡಿ!"

ಪಾಸು ಎಂಬ ಮಾತಿಗೆ ಸಾಹೇಬರ ಕಣ್ಣು ತುಂಬಿ ಬಂದಿತ್ತು. ಬೈಗುಳ ಕಿವಿಗೆ ಬಿದ್ದಿರಲೇ ಇಲ್ಲ. ನನಗೂ ಖುಷಿ ತಡೆಯಲಾಗಲಿಲ್ಲ. "ಯಾವುದು ಕೊಡ್ಲಿ ಸಾಹೇಬ್ರೆ, ಹನ್ನೊಂದರದ್ದೋ ಹದಿನೆಂಟರದ್ದೋ?" ಎಂದು ರೇಗಿಸಿದೆ.

ಮೊಮ್ಮಗಳು ಕೌಂಟರಿನ ಮೇಲೆ ಎರಡೂ ಕೈಯಿಟ್ಟು, ಅಲುಗಾಡದೆ ನಿಂತು ಹೇಳಿದಳು:

"ಹನ್ನೊಂದರದ್ದೇ ಕೊಡಿ ಮಾಮಾ. ಗೌರಿಬಿದನೂರಲ್ಲಿ ಹತ್ತೂವರೆ ನಿಜ. ಆದ್ರೆ ತಾತನ್ನ ಬಸ್ಸಲ್ಲಿ ಕೂರಿಸೋರು ಯಾರು?"