ರುಚಿ ನೋಡುವ ಉದ್ಯೋಗ

ತಿನ್ನುವುದೇ ಬೇರೆ, ರುಚಿ ನೋಡುವುದೇ ಬೇರೆ ಎಂದು ನಂಬಿ ಕೆಟ್ಟವನು ನಾನು. ತಿಂದರೆ ತಾನೇ ಸಕ್ಕರೆ ಏರುವುದು? ರುಚಿ ನೋಡುವುದು ನನ್ನ ಉದ್ಯೋಗ ಕಣ್ರೀ! ತಿಪಟೂರಿನಲ್ಲಿ ನನ್ನದೊಂದು ಕೊಬ್ಬರಿ ಮಂಡಿ. ರೈತರು ಚೀಲ ಇಳಿಸಿದರೆ ಒಂದು ಕೊಬ್ಬರಿ ಒಡೆದು, ಚೂರು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, "ಹೂಂ, ಒಣಗಿದೆ" ಅನ್ನುವುದು ನನ್ನ ಪದ್ಧತಿ. ಹತ್ತು ಜನ ಬಂದರೆ ಹತ್ತು ಚೂರು. ಪಕ್ಕದಲ್ಲೊಂದು ಬೆಲ್ಲದ ಅಚ್ಚೂ ಇರುತ್ತಿತ್ತು. ಅದು ಯಾವ ಪರೀಕ್ಷೆಗೆ ಅಂತ ದಯವಿಟ್ಟು ಕೇಳಬೇಡಿ.

ಆಗಿನ್ನೂ ಮನೆಮನೆಗೆ ಸಕ್ಕರೆ ನೋಡುವ ಮೆಷಿನ್ನು ಬಂದಿರಲಿಲ್ಲ. ಅರವತ್ತೈದು ದಾಟಿದ ಮೇಲೆ ಒಂದು ದಿನ ಮಹಡಿ ಹತ್ತುವಾಗ ಎದೆ ಹಿಡಿದಂತಾಯಿತು. ಹೆಂಡತಿ ಶಾಂತಮ್ಮ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಆ ಹುಡುಗ ಡಾಕ್ಟರು ರಿಪೋರ್ಟು ನೋಡಿ, "ವಯಸ್ಸು, ಸಕ್ಕರೆ, ಬಿಪಿ, ಕೊಲೆಸ್ಟ್ರಾಲು, ಹೊಟ್ಟೆ, ಕೂತಲ್ಲೇ ಕೂರೋದು... ಯಜಮಾನ್ರೇ, ಹೃದಯಕ್ಕೆ ಅಪಾಯ ತರೋದೆಲ್ಲ ನಿಮ್ಮ ಹತ್ರ ಇದೆ. ಬೀಡಿ ಸಿಗರೇಟು ಒಂದಿಲ್ಲ" ಅಂದರು. ಒಂದರಲ್ಲಾದರೂ ಗೆದ್ದೆನಲ್ಲ ಎಂದು ಶಾಂತಮ್ಮನ ಕಡೆ ನೋಡಿದೆ. ಅವಳು ಅಳುತ್ತಿದ್ದಳು.

"ರೀ, ನೀವು ಹೋಗ್ಬುಟ್ರೆ ನಾನು ಯಾರ ಜೊತೆ ಜಗಳ ಆಡ್ಲಿ?" ಅಂದಳು. ನಿಜ ಹೇಳುತ್ತೇನೆ, ಅವಳಿಗೋಸ್ಕರ ಎಲ್ಲ ಮಾಡಿದೆ. ಮಾತ್ರೆ ನುಂಗಿದೆ, ಬೆಳಿಗ್ಗೆ ಎದ್ದು ನಡೆದೆ, ಮುದ್ದೆ ಸಣ್ಣದು ಮಾಡಿಸಿದೆ. ಮಂಡಿಯ ಚೂರು-ಬೆಲ್ಲ ಮಾತ್ರ ಬಿಡಲಿಲ್ಲ. ಅದು ಊಟದ ಲೆಕ್ಕಕ್ಕೇ ಬರುವುದಿಲ್ಲವಲ್ಲ! ಎರಡು ತಿಂಗಳಾದರೂ ಸಕ್ಕರೆ ಇಳಿಯದಿದ್ದಾಗ ಶಾಂತಮ್ಮ ಮಂಡಿಗೇ ಬಂದು, ಸ್ಟೂಲು ಹಾಕಿಕೊಂಡು ನನ್ನ ಎದುರಿಗೆ ಕೂತಳು.

ಅವತ್ತು ಮೊದಲು ಬಂದವನು ಕಂದಿಕೆರೆಯ ಸಿದ್ದಣ್ಣ, ಇಪ್ಪತ್ತು ವರ್ಷದಿಂದ ನನ್ನ ಮಂಡಿಗೇ ಕೊಬ್ಬರಿ ತರುವ ರೈತ. ಚೀಲದ ಬಾಯಿ ಬಿಚ್ಚಿದ. ಮೇಲಿನ ಕೊಬ್ಬರಿಗೆ ಕೈ ಹಾಕಿದೆ; ಶಾಂತಮ್ಮ ಕೆಮ್ಮಿದಳು. ತಿನ್ನುವ ಹಾಗಿಲ್ಲ, ಸುಮ್ಮನೆ ಕೂರುವ ಹಾಗೂ ಇಲ್ಲ. ಏನು ಮಾಡಲೂ ತೋಚದೆ ಭುಜದವರೆಗೂ ಕೈ ಇಳಿಸಿ ತಳದಿಂದ ಒಂದು ತೆಗೆದು ಒಡೆದೆ. ಒಳಗೆ ಹಸಿರು ಬೂಷ್ಟು!

"ಏನಪ್ಪಾ ಸಿದ್ದಣ್ಣ ಇದು?" ಅಂದೆ.

ಅವನು ನನಗಿಂತ ಹೆಚ್ಚು ಗಾಬರಿಯಾಗಿ, "ಅಯ್ಯೋ ಸಾವ್ಕಾರ್ರೇ, ಇದ್ಯಾಕೆ ತಳಕ್ಕೆ ಕೈ ಹಾಕಿದ್ರಿ? ನೀವು ತಿನ್ನಾಕೆ ಅಂತ್ಲೇ ಒಳ್ಳೇವು ನಾಕು ಆರಿಸಿ ಮೇಲಿಟ್ಟಿದ್ನಲ್ಲಾ! ನಾನೊಬ್ನೇ ಅಲ್ಲ ಕಣ್ರೀ, ಎಲ್ರೂ ಹಂಗೇ ಇಡೋದು" ಅಂದ.

ಶಾಂತಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದೇ ನಕ್ಕಿದ್ದು. ನನಗೆ ಸಿದ್ದಣ್ಣನ ಮೇಲೆ ಸಿಟ್ಟು ಮಾಡಲೂ ಮುಖವಿರಲಿಲ್ಲ. ಅವತ್ತಿನಿಂದ ಚೂರೂ ಮುಟ್ಟಿಲ್ಲ, ಬೆಲ್ಲವೂ ಮುಟ್ಟಿಲ್ಲ.

ಮುಂದಿನ ಸಲ ಸಕ್ಕರೆ ಇಳಿದಿತ್ತು. "ಪ್ರಾಣದ ಬೆಲೆ ಗೊತ್ತಾಯ್ತು ನೋಡಿ ನಿಮಗೆ" ಎಂದು ಡಾಕ್ಟರು ಬೆನ್ನು ತಟ್ಟಿದರು. ನಾನೂ ಗಂಭೀರವಾಗಿ ತಲೆಯಾಡಿಸಿದೆ. ಪ್ರಾಣಭಯಕ್ಕೆ ಬಗ್ಗದ ಬಾಯಿ ನಾಚಿಕೆಗೆ ಬಗ್ಗಿತು ಎಂದು ಅವರಿಗೆ ಹೇಗೆ ಹೇಳಲಿ?