ಹದಿನೈದನೆಯ ಆಟಗಾರ

ಬಾಡಿಗೆ ಅರ್ಜಿಯಲ್ಲಿ 'ಹವ್ಯಾಸ' ಎಂಬ ಖಾಲಿ ಜಾಗ ಇರದಿದ್ದರೆ ಗುರುಬಸಪ್ಪನ ಆ ಶನಿವಾರ ಬಟ್ಟೆ ಒಗೆಯುವುದರಲ್ಲಿ ಮುಗಿದುಹೋಗುತ್ತಿತ್ತು.

ಅವನು ಜರ್ಮನಿಯ ಹ್ಯಾನೋವರ್‌ಗೆ ಬಂದು ಏಳು ತಿಂಗಳಾಗಿತ್ತು. ಎಂಜಿನಿಯರ್ ಕೆಲಸಕ್ಕೆ ಬೇಕಾದ ಬ್ಲೂ ಕಾರ್ಡ್ ಪರವಾನಗಿ ಸಿಕ್ಕಿತ್ತು, ಮನೆ ಸಿಕ್ಕಿರಲಿಲ್ಲ. ಹೆಂಡತಿ ಮಧುಮತಿ ಮಗಳೊಂದಿಗೆ ಬರಲು ಇನ್ನು ಹನ್ನೆರಡೇ ದಿನ. ಅವನಿದ್ದ ಕೋಣೆಯಲ್ಲಿ ಮಂಚ ಬಿಡಿಸಿದರೆ ಬಾಗಿಲು ತೆರೆಯುತ್ತಿರಲಿಲ್ಲ. ಪಕ್ಕದ ಕೋಣೆಯ ಮಂಗಳೂರಿನ ಲಾರೆನ್ಸ್, ನೆಲಮಹಡಿಯ ಮೂರು ಕೋಣೆಯ ಮನೆಯೊಂದನ್ನು ಪತ್ತೆ ಮಾಡಿದ. ಮಾಲೀಕ ಓಲ್ಟ್‌ಮನ್ ಹಳೆಯ ರಗ್ಬಿ ಕ್ಲಬ್ಬೊಂದರ ಅಧ್ಯಕ್ಷರೆಂದು ತಿಳಿದದ್ದೇ ತಡ, ಗುರುಬಸಪ್ಪನ ಅರ್ಜಿಯ ಖಾಲಿ ಜಾಗದಲ್ಲಿ 'ರಗ್ಬಿ' ಎಂದು ಬರೆದುಬಿಟ್ಟ.

"ಆ ಚೆಂಡು ಗುಂಡಗೈತೋ ಉದ್ದಗೈತೋ ನಂಗ ಗೊತ್ತಿಲ್ರಿ," ಎಂದ ಗುರುಬಸಪ್ಪ.

"ಗೊತ್ತಿರಬೇಕೂಂತ ಇಲ್ಲ ಮಾರಾಯ್ರೆ. ಅವರು ಮಾತಾಡ್ತಾರೆ, ನೀವು ತಲೆ ಆಡಿಸಿದ್ರೆ ಸಾಕು."

ಶನಿವಾರ ಬೆಳಿಗ್ಗೆ ಹತ್ತಕ್ಕೆ ಮನೆ ನೋಡಲು ಹೋದಾಗ ಓಲ್ಟ್‌ಮನ್ ಅಡುಗೆಮನೆಯನ್ನು ತೋರಿಸಲೇ ಇಲ್ಲ. ಪಡಸಾಲೆಯ ಗೋಡೆ ತುಂಬ ಹಳೆಯ ತಂಡಗಳ ಫೋಟೋ. ಪ್ರಾಂತ್ಯದ ರಗ್ಬಿ ಸಂಘ ಹುಟ್ಟಿದ ಬಗೆ, ಅದರಲ್ಲಿ ತಮ್ಮಜ್ಜನ ಪಾಲು, ಎಪ್ಪತ್ನಾಲ್ಕರಲ್ಲಿ ಗೆದ್ದ ಪ್ರಾಂತ್ಯದ ಕಪ್ಪು, ಆಮೇಲೆ ಸೋತ ನಾಲ್ಕು ಫೈನಲ್ಲುಗಳು, ಎಲ್ಲವನ್ನೂ ಒಂದೊಂದಾಗಿ ಹೇಳಿದರು. ಮೂರನೆಯ ಸೋಲಿನ ಹೊತ್ತಿಗೆ ಗುರುಬಸಪ್ಪ ನಿಜವಾದ ದುಃಖದಿಂದಲೇ ತಲೆಯಾಡಿಸುತ್ತಿದ್ದ. ಅರವತ್ತು ಕುಟುಂಬಗಳು ಈ ಮನೆ ಕೇಳಿವೆ, ಆದರೆ ಕೊಡುವುದು ನಮ್ಮವರಿಗೇ ಎಂದರು ಓಲ್ಟ್‌ಮನ್.

ಆಗ ಅವರ ಫೋನು ಬಡಿದುಕೊಂಡಿತು. ಆಟಗಾರನೊಬ್ಬನಿಗೆ ಜ್ವರ. ಎರಡು ಗಂಟೆಗೆ ಕಪ್ಪಿನ ಕ್ವಾರ್ಟರ್ ಫೈನಲ್. ಮೈದಾನದಲ್ಲಿ ಹದಿನೈದು ಜನ ಇರದಿದ್ದರೆ ಪಂದ್ಯ ಎದುರಾಳಿಗೆ. ಓಲ್ಟ್‌ಮನ್ ಫೋನು ಕೆಳಗಿಟ್ಟು, ಸಂತೆಯಲ್ಲಿ ಎತ್ತು ನೋಡುವವರಂತೆ ಗುರುಬಸಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹೆಸರು ನೋಂದಾಯಿಸುವುದು ಅರ್ಧ ಗಂಟೆಯ ಕೆಲಸ ಎಂದರು.

ಗುರುಬಸಪ್ಪ ಬಚ್ಚಲಿಗೆ ಹೋಗಿ ಲಾರೆನ್ಸ್‌ಗೆ ಫೋನು ಹಚ್ಚಿದ. "ಮನೆ ಬೇಕಲ್ವಾ? ಮೂಲೆಯಲ್ಲಿ ನಿಲ್ಲಿ, ಚೆಂಡು ಇರುವ ಕಡೆ ನೀವಿರಬೇಡಿ," ಎಂದನವನು.

ಎರಡು ಗಂಟೆಗೆ ಗುರುಬಸಪ್ಪ ಮೊಣಕಾಲು ಮುಟ್ಟುವ ಅಂಗಿ ತೊಟ್ಟು, ಗೋದ್ರೆಜ್ ಬೀರುಗಳಂತಿದ್ದ ಹದಿನಾಲ್ಕು ಜನರ ಹಿಂದೆ ನಿಂತಿದ್ದ. ನಾಯಕ ಹೇಳಿದ ಮೂರು ಮಾತಿನಲ್ಲಿ ಅವನಿಗೆ ತಿಳಿದದ್ದು ಒಂದೇ: ಚೆಂಡನ್ನು ಮುಂದಕ್ಕೆ ಎಸೆಯಬಾರದು. ಚೆಂಡು ಎಡಕ್ಕೆ ಬಂದರೆ ಬಲಕ್ಕೆ, ಬಲಕ್ಕೆ ಬಂದರೆ ಎಡಕ್ಕೆ ಓಡಿದ. ಒಮ್ಮೆ ಮಾತ್ರ ಅದು ನೇರ ಅವನ ಎದೆಗೆ ಬಂದು ಬಿತ್ತು. ಹತ್ತಿರವಿದ್ದವನ ಕೈಗೆ ಮರ್ಯಾದೆಯಿಂದ ಕೊಟ್ಟುಬಿಟ್ಟ. ಅವನು ಎದುರಾಳಿಯಾಗಿದ್ದ. ತಂಡಕ್ಕಿದ್ದ ಏಳು ಅಂಕಗಳ ಮುನ್ನಡೆ ಎರಡಕ್ಕೆ ಇಳಿಯಿತು. ಅಂಚಿನಲ್ಲಿ ನಿಂತಿದ್ದ ಓಲ್ಟ್‌ಮನ್ ಟೋಪಿ ತೆಗೆದು ಹಿಂಡತೊಡಗಿದರು.

ಇನ್ನೆರಡು ನಿಮಿಷ ಇರುವಾಗ ಎದುರಾಳಿಗಳ ದೈತ್ಯನೊಬ್ಬ ಚೆಂಡು ಹಿಡಿದು ಎಲ್ಲರನ್ನೂ ದಾಟಿ ಬಂದ. ಅಂಕದ ಗೆರೆಗೂ ಅವನಿಗೂ ನಡುವೆ ಉಳಿದವನು ಗುರುಬಸಪ್ಪನೊಬ್ಬನೇ. ಮನೆ ಹೋದರೆ ಹೋಗಲಿ, ಜೀವ ಉಳಿದರೆ ಸಾಕೆಂದು ದಾರಿ ಬಿಡಲು ಎಡಕ್ಕೆ ಸರಿದ. ದೈತ್ಯನೂ ಅತ್ತಲೇ ಸರಿದ. ಇವನು ಬಲಕ್ಕೆ, ಅವನೂ ಬಲಕ್ಕೆ. ಹುಬ್ಬಳ್ಳಿಯ ಓಣಿಯಲ್ಲಿ ಎದುರುಬದುರಾದ ಎರಡು ಸೈಕಲ್ಲುಗಳಂತೆ ಇಬ್ಬರೂ ಢಿಕ್ಕಿ ಹೊಡೆದರು. ಬೀಳಬಾರದೆಂದು ಗುರುಬಸಪ್ಪ ಸಿಕ್ಕಿದ ಸೊಂಟವನ್ನು ಬಿಗಿಯಾಗಿ ತಬ್ಬಿಕೊಂಡ. ಇಬ್ಬರೂ ಉರುಳಿದರು. ಚೆಂಡು ದೈತ್ಯನ ಕೈಜಾರಿ ಮೈದಾನದಾಚೆ ಹೋಗಿ ಬಿತ್ತು.

ಕೊನೆಯ ಸೀಟಿ ಊದಿದಾಗ ಹದಿನಾಲ್ಕು ಬೀರುಗಳು ಸೇರಿ ಅವನನ್ನು ಹೆಗಲಿಗೇರಿಸಿದವು. ಹನ್ನೊಂದು ವರ್ಷಗಳ ಮೇಲೆ ಕ್ಲಬ್ಬಿಗೆ ಸೆಮಿಫೈನಲ್. ಆ ಎತ್ತರದಿಂದ ಅವನಿಗೆ ಕಂಡದ್ದು, ಮೊಣಕಾಲು ಹಿಡಿದುಕೊಂಡು ಬಿದ್ದೇ ಇದ್ದ ದೈತ್ಯ ಮತ್ತು ಅವನ ಪಕ್ಕ ಕುಳಿತು ಅಳುತ್ತ, ಓಲ್ಟ್‌ಮನ್‌ರನ್ನು 'ಪಪ್ಪಾ' ಎಂದು ಕರೆಯುತ್ತಿದ್ದ ಹೆಂಗಸು.

ಸಂಜೆ ಕ್ಲಬ್ಬಿನಲ್ಲಿ ಓಲ್ಟ್‌ಮನ್ ಒದ್ದೆ ಕಣ್ಣಿನಿಂದ ಅವನ ಎರಡೂ ಕೈ ಹಿಡಿದರು. ಆ ದೈತ್ಯ ಅವರ ಅಳಿಯ; ಎಂಟು ವರ್ಷದಿಂದ ಮಾವನ ಕ್ಲಬ್ಬನ್ನು ಸೋಲಿಸುತ್ತ ಬಂದಿದ್ದ. ಅವನನ್ನು ಕೆಡವಿದ್ದನ್ನು ಸಾಯುವವರೆಗೂ ಮರೆಯುವುದಿಲ್ಲ ಎಂದರು. ಆಮೇಲೆ ದನಿ ತಗ್ಗಿಸಿದರು. ಅಳಿಯ ಆರು ತಿಂಗಳು ಮೆಟ್ಟಿಲು ಹತ್ತುವಂತಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಅವನಿರುವುದು ನಾಲ್ಕನೆಯ ಮಹಡಿ, ಲಿಫ್ಟಿಲ್ಲ. ಹಾಗಾಗಿ ನೆಲಮಹಡಿಯ ಮನೆಯನ್ನು ಮಗಳಿಗೇ ಕೊಡಬೇಕಾಗಿದೆ.

ಗುರುಬಸಪ್ಪನದು ಎಂಜಿನಿಯರನ ತಲೆ. ಹಾಗಾದರೆ ಆ ನಾಲ್ಕನೆಯ ಮಹಡಿಯ ಮನೆ ಖಾಲಿಯಾಗುತ್ತದಲ್ಲ, ಅದನ್ನು ಕೇಳಬಹುದೇ ಎಂದು ವಿಚಾರಿಸಿದ.

ಧಾರಾಳವಾಗಿ ಕೇಳಬಹುದು ಎಂದರು ಓಲ್ಟ್‌ಮನ್. ಕಿಟಕಿಯಾಚೆ, ಕಾರಿಗೆ ಒರಗಿ ತಲೆಯ ಮೇಲೆ ಕೈಹೊತ್ತು ನಿಂತಿದ್ದ ಮುದುಕನನ್ನು ತೋರಿಸಿದರು. ಆ ಮನೆಯ ಮಾಲೀಕ ಅವನೇ, ಇವತ್ತು ಸೋತ ಕ್ಲಬ್ಬಿನ ಅಧ್ಯಕ್ಷ.